ರಕ್ತದಾನಿಯ ಹೆಂಡತಿ

ಮೇ ೧೨, ಮಂಗಳವಾರ

ನನ್ನಂಥ ಪೆದ್ದಿ ಇಡೀ ಕುಮಟಾದಲ್ಲಿ ಇನ್ನೊಬ್ಬಳಿಲ್ಲ!

ಲೋಕೇಶನ ಬೈಕಿನಲ್ಲಿ ಇಡಗುಂಜಿ ಗಣಪತಿಯ ದರ್ಶನಕ್ಕೆ ಹೊರಟಿದ್ದೆವು. ನಾನು ಹಳದಿ ಸೀರೆ ಉಟ್ಟು ದಾರಿಯುದ್ದಕ್ಕೂ ಹಾಡುತ್ತಿದ್ದೆ. ಹೊನ್ನಾವರದಲ್ಲಿ "ಎರಡೇ ನಿಮಿಷ" ಎಂದು ಅವನು ಲ್ಯಾಬಿಗೆ ಹೋದ. ಬಿಸಿಲು ತಾಳದೆ ನಾನೂ ಒಳಗೆ ಹೋದೆ. ರಕ್ತ ತೆಗೆಯುತ್ತಿದ್ದ ಹೆಂಗಸು ನಕ್ಕಳು. "ಮದ್ವೆ ಆತು ಅಂತ ಹೇಳೇ ಇಲ್ಲ ಮಾರಾಯ್ರೆ! ಹೆದರ್ಬೇಡ ತಂಗಿ, ಹೋದ ಸಲವೂ ಸಿಇಎ ಕಡಿಮೆನೇ ಇತ್ತು."

ಸಿಇಎ! ಕರುಳಿನ ಕ್ಯಾನ್ಸರ್ ಮರಳಿದರೆ ರಕ್ತದಲ್ಲಿ ಏರಬಹುದಾದ ಅಂಶವಂತೆ. ಹೊರಗೆ ಬಂದ ಮೇಲೆ ಬೈಕ್ ಹಿಡಿದುಕೊಂಡೇ ಹೇಳಿದ. ಎರಡು ವರ್ಷದ ಹಿಂದೆ ಆದದ್ದು ಅದರ ಆಪರೇಷನ್ನೇ. ನನಗೆ ಹೇಳಿದ್ದು ಅಪೆಂಡಿಕ್ಸ್!

ಫೆಬ್ರವರಿಯಲ್ಲೂ ಇದೇ ದಾರಿ, ಇದೇ ಇಡಗುಂಜಿ. ತೋಳಿಗೆ ಹತ್ತಿ ಅಂಟಿಸಿಕೊಂಡು ಬಂದು ರಕ್ತದಾನ ಮಾಡಿದೆ ಎಂದಿದ್ದ. ಆ ತೋಳಿನ ಫೋಟೋವನ್ನು 'ಮೈ ಹೀರೋ' ಎಂದು ಸ್ಟೇಟಸ್ಸಿಗೆ ಹಾಕಿದ್ದೆ. ಎಲ್ಲ ಗೊತ್ತಿದ್ದ ಅತ್ತೆ ಅದಕ್ಕೆ ಹಾರ್ಟ್ ಒತ್ತಿದ್ದರು.

ಸಂಜೆ ಅವರನ್ನೇ ಕೇಳಿದೆ.

"ಮೊದ್ಲೇ ಹೇಳಿದ್ರೆ ನೀ ಒಪ್ತಿದ್ಯೇನೆ?"

ಒಪ್ಪುತ್ತಿದ್ದೆ. ಬಹುಶಃ ಒಪ್ಪುತ್ತಿದ್ದೆ. ನನ್ನನ್ನು ಕೇಳದೆ ನನ್ನ ಉತ್ತರವನ್ನೂ ಅವರೇ ಕೊಟ್ಟುಕೊಂಡರಲ್ಲ!

ಲೋಕೇಶ ಇಡಗುಂಜಿಯಿಂದ ತಂದ ಪಂಚಕಜ್ಜಾಯ ಮುಂದೆ ಹಿಡಿದು, "ಪ್ರಸಾದದ ಮೇಲೆ ಎಂತ ಸಿಟ್ಟು? ತಿನ್ನೆ" ಎಂದ. ಮುಟ್ಟಲಿಲ್ಲ.

ನಾಳೆ ಮಧ್ಯಾಹ್ನ ರಿಪೋರ್ಟ್ ಬರುತ್ತದೆ. ತರಲು ನಾನೇ ಹೋಗುತ್ತೇನೆ. ಅವನು ಬಾಯಲ್ಲಿ ಹೇಳುವ ಸಂಖ್ಯೆಯನ್ನು ಇನ್ನು ನಂಬಲಾರೆ. ಕ್ಷಮಿಸುವುದೂ ಇಲ್ಲ. ಗಣಪತೀ, ಕಡಿಮೆ ಇರಲಿ. ಇವನ ಜೊತೆ ನಾನು ಇನ್ನೂ ಎಷ್ಟೋ ವರ್ಷ ಜಗಳ ಆಡುವುದಿದೆ.