ಸೌಜನ್ಯಾಳ ಮೊದಲ ಓಟು

ಮಿಲ್ಪಿಟಾಸ್, ಅಕ್ಟೋಬರ್ 20

ಮಂಡ್ಯದ ಭಾವನವರಿಗೆ ನಮಸ್ಕಾರ.

ನಿಮ್ಮ ಮಗಳು ಸೌಜನ್ಯಾಳ ಮೊದಲ ಅಮೆರಿಕನ್ ಮತಪತ್ರ ಅಂಚೆಯಲ್ಲೇ ಮನೆಗೆ ಬಂದಿದೆ! ಊಟದ ಮೇಜಿನ ಮೇಲೆ ಅದು, ಸುತ್ತ ಚರ್ಚೆ.

"ಈಯಪ್ಪ ಎದುರು ಪಾರ್ಟಿಯವರ ಜೊತೆ ಸೇರಿ ಎರಡು ಕಾನೂನು ಮಾಡ್ಸಿದಾನೆ ಮಾಮ" ಅಂದಳು ಸೌಜನ್ಯಾ, ಒಬ್ಬ ಅಭ್ಯರ್ಥಿಯ ಹೆಸರು ತೋರಿಸಿ.

"ಅವನನ್ನ ಯಾವ ರೆಸಾರ್ಟಲ್ಲಿ ಇಟ್ಟಿದ್ರಮ್ಮ?" ಅಂದೆ.

ತನ್ನ ಪಕ್ಷ ಬಿಡದೆಯೇ ಸೇರಿದನಂತೆ! ಮೂರು ಪಕ್ಷ ಸುತ್ತಿ ಬಂದ ನಿಮಗೂ ಇದು ಹೊಸ ವಿದ್ಯೆ.

ಅವಳ ಗಂಡ, "ಹೊರದೇಶದಲ್ಲಿ ನಮ್ಮ ಅಮೆರಿಕದ ಮರ್ಯಾದೆ ಉಳಿಸ್ತಾನಾ, ಅದು ಹೇಳು" ಎಂದರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ಅವರಿಗೀಗ ಹೊರದೇಶ ಅಂದರೆ ನಾನೇ!

"ನಮ್ಮ ಕಡೆ ನಿಮ್ಮ ವೀಸಾ ಕ್ಯೂ ಇನ್ನೂ ಉದ್ದವೇ ಇದೆ ಅಳಿಯಂದ್ರೆ" ಅಂದೆ.

ಸೌಜನ್ಯಾ ಒಳಗೆ ಹೋಗಿ ಗುರುತು ಹಾಕಿ, ಲಕೋಟೆ ಅಂಟಿಸಿ ತಂದಳು. ಯಾರಿಗೆಂದು ಗಂಡನಿಗೂ ಹೇಳಲಿಲ್ಲ. ನನ್ನ ಮಂಡಿನೋವು ವಾಸಿ. ಅಂಚೆಡಬ್ಬಿಯವರೆಗೆ ನಾನೇ ನಡೆಯುತ್ತೇನೆ. ಅವಳ ಲಕೋಟೆ, ನನ್ನ ಈ ಕಾರ್ಡು ಎರಡೂ ಒಂದೇ ಡಬ್ಬಿಗೆ. ನಿಮಗೆ ಓದಲು ಸಿಗುವುದು ನನ್ನದು ಮಾತ್ರ.

ನಿಮ್ಮ ಭಾವಮೈದುನ,
ಜಯರಾಮ್