ನಿಮ್ಮ ಫಲಕದ ನಿಂಬೆಹಣ್ಣು, ನನ್ನ ಎರಡು ಕೈಗಳು

ಬೇಸಿಗೆಯ ಎಚ್ಚರಿಕೆ ಫಲಕಗಳನ್ನು ಬರೆಸುವ ಮಾನ್ಯ ಅಧಿಕಾರಿಗಳೇ,

ಮೊನ್ನೆ ಮಧ್ಯಾಹ್ನದ ನಿದ್ದೆಯಲ್ಲಿ ಒಂದು ಕೆಟ್ಟ ಕನಸು ಬಿತ್ತು. ಬೇಗಂಪೇಟೆಯ ಮೇಲ್ಸೇತುವೆಯ ಮೇಲೆ, ಸೂರ್ಯ ಇರಬೇಕಾದ ಜಾಗದಲ್ಲಿ, ಅರ್ಧಕ್ಕೆ ಕೊಯ್ದ ನಿಂಬೆಹಣ್ಣು ತೂಗುತ್ತಿತ್ತು. ಕೆಳಗೆ ನೀವು ಕುರ್ಚಿ ಹಾಕಿಕೊಂಡು ಕುಳಿತಿದ್ದಿರಿ. ಮುಖ ಮಾತ್ರ ಕಾಣಲಿಲ್ಲ. ಎಚ್ಚರದಲ್ಲೂ ಅದನ್ನು ಕಂಡವರು ಯಾರೂ ನನಗೆ ಸಿಕ್ಕಿಲ್ಲ. ನಾವು ಸೈಕಲ್ಲಿನವರೆಲ್ಲ ಸೂಜಿ ಹಾಕಿಸಿಕೊಳ್ಳುವವರ ಹಾಗೆ ತೋಳು ಮೇಲೇರಿಸಿ ಸಾಲಾಗಿ ನಿಂತಿದ್ದೆವು. ನೀವು ಹೂಂ ಎಂದಿರಿ. ಮೇಲಿನಿಂದ ರಸ ಹನಿಯಿತು. ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಅಂದಿತು.

ಎದ್ದು ಕೈ ನೋಡಿಕೊಂಡೆ. ಕನಸಿಗಿಂತ ಕೈ ಕೆಟ್ಟದಾಗಿತ್ತು. ಮಾನ್ಯರೇ, ನನ್ನ ದೂರು ಇಷ್ಟೇ: ನಿಮ್ಮ ಫಲಕದ ಮಾತು ಕೇಳಿ ನಾನು ಎರಡೂ ಕೈ ಸುಟ್ಟುಕೊಂಡಿದ್ದೇನೆ, ಆ ಕೈಗಳಿಂದಾಗಿ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೇನೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನನಗೆ ಬರುವುದು ಅದೊಂದೇ ಅಕ್ಷರ. ಅದೂ ನಾಲ್ಕನೇ ಇಯತ್ತೆಯ ತನಕ. ಆಮೇಲೆ ಅಪ್ಪ ಅವ್ವ ಚಿಂಚೋಳಿ ಬಿಟ್ಟು ಇಟ್ಟಿಗೆ ಹೊರಲು ನಿಮ್ಮ ಈ ಊರಿಗೆ ಬಂದರು, ಶಾಲೆಯನ್ನು ಜೊತೆಗೆ ತರಲು ಅವರಿಗೆ ಆಗಲಿಲ್ಲ. ನಿಮಗೆ ಕನ್ನಡ ಓದಲು ಬರುವುದಿಲ್ಲ ಅನ್ನುತ್ತೀರಾ? ನಿಮ್ಮ ಫಲಕದ ತೆಲುಗು, ಇಂಗ್ಲಿಷು ನನಗೂ ಬರಲಿಲ್ಲ. ಅಲ್ಲಿಗೆ ಸಮ ಆಯಿತು. ವ್ಯತ್ಯಾಸ ಇಷ್ಟೇ, ನಿಮಗೆ ಓದಿ ಹೇಳಲು ಕಚೇರಿಯ ತುಂಬ ಜನ ಇದ್ದಾರೆ. ನನಗಿದ್ದದ್ದು ಒಂದು ಚಿತ್ರ.

ನಾನು ಅಮೀರ್‌ಪೇಟ್‌ನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ ಬಡಿಯುವವನು. ಕೋಚಿಂಗಿಗೆ ಬಂದ ಬೀದರ, ಕಲಬುರಗಿ ಕಡೆಯ ಹುಡುಗಿಯರಿಗೆ ಅನ್ನ ತಿಂದು ತಿಂದು ಅಳು ಬರುತ್ತದೆಂದು ನನ್ನನ್ನು ಇಟ್ಟುಕೊಂಡರು. ಮನೆ ಮಲ್ಕಾಜ್‌ಗಿರಿಯಲ್ಲಿ. ಹೋಗುವುದು ಬರುವುದು ಸೈಕಲ್ಲಿನ ಮೇಲೆ. ಹೋಗುವಾಗ ತಂಪು ಹೊತ್ತು. ಮಧ್ಯಾಹ್ನದ ರೊಟ್ಟಿ ಮುಗಿದ ಮೇಲೆ ಗಂಡಸು ಒಳಗೆ ಇರುವಂತಿಲ್ಲ, ಹಾಸ್ಟೆಲಿನ ನಿಯಮ. ಹೀಗಾಗಿ ಸೂರ್ಯ ನೆತ್ತಿಯ ಮೇಲೆ ಬಂದು ನಿಂತಾಗ ಸರಿಯಾಗಿ ನಾನು ಗೇಟಿನ ಹೊರಗೆ ಬೀಳುತ್ತೇನೆ. ಮಧ್ಯಾಹ್ನ ಮನೆಯಿಂದ ಹೊರಗೆ ಬರಬೇಡಿ ಎಂದು ನೀವು ವ್ಯಾನಿನಲ್ಲಿ ಕೂಗಿಸುತ್ತೀರಿ. ಬಹಳ ಒಳ್ಳೆಯ ಮಾತು. ಮನೆಯಿಂದ ಹೊರಗೆ ಬರುವುದಿಲ್ಲ ಸ್ವಾಮಿ, ನಾನು ಮನೆಗೇ ಹೋಗುತ್ತಿರುವುದು. ಆ ದಾರಿಗೆ ಏನಾದರೂ ಹೇಳಿ.

ಊರ ಹೊರಗೆ ಸೈಕಲ್ಲಿನವರಿಗೆಂದು ಚಾವಣಿ ಹಾಕಿದ ಹಾದಿ ಇದೆಯಂತೆ. ನೋಡಬೇಕೆಂಬ ಆಸೆ ಇದೆ. ಆದರೆ ಅಲ್ಲಿಗೆ ಮುಟ್ಟಲು ಮೊದಲು ಬಿಸಿಲಿನಲ್ಲಿ ಸೈಕಲ್ ತುಳಿಯಬೇಕು.

ಈಗ ಚಿತ್ರದ ವಿಷಯ. ಮಲ್ಕಾಜ್‌ಗಿರಿಯಲ್ಲಿ ರೈಲಿನ ಸೇತುವೆಯ ಕೆಳಗೆ ಗೋಡೆಯ ಮೇಲೆ ನೀವು ಬರೆಸಿದ್ದು ಹೀಗಿತ್ತು. ಒಬ್ಬ ಸೈಕಲ್ ಸವಾರ, ಅರ್ಧ ತೋಳಿನ ಅಂಗಿ. ಅವನ ತಲೆಯಷ್ಟೇ ದೊಡ್ಡ ಅರ್ಧ ನಿಂಬೆಹಣ್ಣು, ತೋಳಿನ ಪಕ್ಕಕ್ಕೆ. ಹಣ್ಣಿನಿಂದ ಮೂರು ಹನಿ ತೋಳಿನ ಕಡೆಗೆ ಬೀಳುತ್ತಿವೆ. ಸವಾರ ನಗುತ್ತಿದ್ದಾನೆ. ಫಲಕದ ಅರ್ಧವನ್ನು ಸೂರ್ಯನೇ ನುಂಗಿದ್ದಾನೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು. ಬಿಸಿಲಿನಿಂದ ಸೂರ್ಯನಿಗೆ ರಕ್ಷಣೆ ಕೊಟ್ಟ ಮೊದಲ ಅಧಿಕಾರಿ ನೀವೇ ಇರಬೇಕು.

ನಮ್ಮ ಕಡೆ ಬಿಸಿಲು ಹೊಡೆದವರ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತಾರೆ. ನೆತ್ತಿಗೆ ಹರಳೆಣ್ಣೆ ಒತ್ತುತ್ತಾರೆ. ಉಷ್ಣವನ್ನು ತಿಕ್ಕಿಯೇ ತೆಗೆಯಬೇಕೆಂದು ತಿಳಿದ ಜನ ನಾವು. ಅಂಥವರಿಗೆ ತೋಳಿನ ಮೇಲೆ ನಿಂಬೆ ಹಿಂಡಿ ತೋರಿಸಿದರೆ ಏನು ಅರ್ಥ ಆಗಬೇಕು? ಆದರೂ ನಾನು ಚಿಂತೆಯ ಮನುಷ್ಯ. ಗ್ಯಾಸ್ ಬಂದ್ ಮಾಡಿದ್ದನ್ನೂ ತಿರುಗಿ ಹೋಗಿ ನೋಡುವವನು. ಹೆಂಡತಿ ಶಂಕ್ರಮ್ಮನನ್ನು ಕೇಳಿದೆ, "ಉರಿಯಂಗಿಲ್ಲಲ್ಲ?"

"ಸರ್ಕಾರದವ್ರು ಅಷ್ಟ್ ದೊಡ್ಡ ನಿಂಬಿಹಣ್ಣ ಬರಸ್ಯಾರಂದ್ರ ಸುಮ್ನ ಬರಸ್ಯಾರೇನ್ರಿ?" ಅಂದಳು. "ನಿಮಗ ಚಿಂತಿ ಮಾಡಾಕ ಒಂದು ನೆಪಾ ಬೇಕಷ್ಟ. ತಿಕ್ಕೋರಿ."

ತಿಕ್ಕಿಕೊಂಡೆ. ಗೇಟಿನ ಹೊರಗೆ ನಿಂತು, ಬೆರಳಿನಿಂದ ಮೊಣಕೈ ತನಕ, ರಸ ಒಣಗದಂತೆ ಎರಡೆರಡು ಸಲ. ನನ್ನ ಜೊತೆ ಸೆಂಟ್ರಿಂಗ್ ಕೆಲಸದಿಂದ ಸೈಕಲ್ ಮೇಲೆ ಬರುವ ದ್ಯಾವಪ್ಪನಿಗೂ ಅರ್ಧ ಹೋಳು ಕೊಟ್ಟೆ. ಅವನು ಕುತ್ತಿಗೆಗೆ ಹಚ್ಚಿಕೊಂಡ. ಮರುದಿನ ಕೆಂಪು, ಅದರ ಮರುದಿನ ಗುಳ್ಳೆ. ಗುಳ್ಳೆ ಒಡೆದ ಮೇಲೆ ಕಪ್ಪು ಕಲೆ, ರಸ ಹರಿದ ಗೆರೆಗಳ ಗುಂಟ ನೇರವಾಗಿ.

ಹುಡುಗಿಯರು ಮೊದಲು ನಕ್ಕರು. ಔರಾದಿನ ಕಾವ್ಯಾ ಎಂಬ ಹುಡುಗಿ ತಾಟು ಹಿಡಿದುಕೊಂಡು, "ಕಾಕಾ, ಕೈ ಮ್ಯಾಲ ನಕಾಶಿ ಮೂಡೈತಲ್ಲ, ಅದರಾಗ ನಮ್ಮ ಔರಾದ ಎಲ್ಲೈತಿ ತೋರಸ್ರಿ" ಅಂದಳು. ಆದರೆ ಅವಳ ಹಿಂದೆ ನಿಂತಿದ್ದವಳು ರೊಟ್ಟಿ ತೆಗೆದುಕೊಳ್ಳಲಿಲ್ಲ. ಅವಳ ಹಿಂದಿನವಳೂ ತೆಗೆದುಕೊಳ್ಳಲಿಲ್ಲ. ವಾರ್ಡನ್ ಮೇಡಂ ಬಂದರು. ಈ ಕೈಯಿಂದ ರೊಟ್ಟಿಯೇ, ಇದು ಅಂಟುರೋಗವೇ ಎಂದು ತೆಲುಗಿನಲ್ಲಿ ಕೇಳಿದರು. ನಾನು ನಿಂಬೆಹಣ್ಣು ಅಂದೆ. ಕುಷ್ಠ ಎಂಬ ಮಾತನ್ನು ಯಾರೂ ಆಡಲಿಲ್ಲ, ಆದರೆ ನಾನು ಹಿಟ್ಟು ನಾದುತ್ತಿದ್ದ ಕೊಣಮಿಗೆಯನ್ನು ಬಿಸಿನೀರು ಹಾಕಿ ತೊಳೆಸಿದರು. ಇಪ್ಪತ್ತು ವರ್ಷ ಹಿಟ್ಟು ನಾದಿದ ಕೈಗೆ ಅದೇ ಸಾಕು.

ಸರ್ಕಾರಿ ದವಾಖಾನೆಯ ಚರ್ಮದ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡೇ ನೋಡಿದರು. ಅವರಿಗೆ ಹೆದರಿಕೆ ಇರಲಿಲ್ಲ.

"ನಿಂಬೂ ಪೀನಾ ಥಾ ಬಾವಾ, ಲಗಾನಾ ನಹೀಂ," ಅಂದರು. ಕುಡಿಯಬೇಕಿತ್ತಂತೆ, ಹಚ್ಚಬಾರದಿತ್ತಂತೆ! ನಿಂಬೆಯ ರಸ ಮೈಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ, ಕಲೆ ಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಯಾರಿಗೂ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿದರು. ಸೈಕಲ್ ಮೇಲೆ ಹೋಗುವವನು ತುಂಬು ತೋಳಿನ ದಪ್ಪ ಹತ್ತಿ ಅಂಗಿ ಹಾಕಬೇಕು, ಕುತ್ತಿಗೆ ಕಿವಿ ಮುಚ್ಚುವಂತೆ ಬಟ್ಟೆ ಸುತ್ತಬೇಕು, ತೆರೆದುಳಿದ ಜಾಗಕ್ಕೆ ಸನ್‌ಸ್ಕ್ರೀನ್ ಹಚ್ಚಬೇಕು, ಬೆವರಿದರೆ ಒರೆಸಿ ಮತ್ತೆ ಹಚ್ಚಬೇಕು. ನೋಡಿ, ಒಂದು ಉಸಿರಿನಲ್ಲಿ ಮುಗಿದ ಮಾತು. ಇದಕ್ಕೆ ನಿಮ್ಮ ಗೋಡೆಯಲ್ಲಿ ಜಾಗ ಇರಲಿಲ್ಲವೇ? ಇರಲಿಲ್ಲ, ಸೂರ್ಯನ ಕನ್ನಡಕಕ್ಕೆ ಬೇಕಾಗಿತ್ತು.

ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ವಾರ್ಡನ್ ಮೇಡಂ ಓದಿದರು, ನಂಬಿದರು ಕೂಡ. "ನಾನು ನಂಬಿದರೆ ಆಯಿತೇ, ಹುಡುಗಿಯರು ತಿನ್ನಬೇಕಲ್ಲ" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನನ್ನನ್ನು ಮನೆಗೆ ಕಳಿಸಿ ಬೇರೆ ರೊಟ್ಟಿಯವಳನ್ನು ವಿಚಾರಿಸುತ್ತಿದ್ದಾರೆ. ಅವಳು ಸಿಗುವ ತನಕ ನನ್ನ ಜಾಗ ಖಾಲಿ ಇದೆ. ಅವಳು ಸಿಕ್ಕಿಬಿಟ್ಟಳೋ ಏನೋ ಎಂದು ದಿನವೂ ಕಾವ್ಯಾಗೆ ಫೋನು ಹಚ್ಚಿ ಆ ಹುಡುಗಿಯ ಓದು ಕೆಡಿಸುತ್ತಿದ್ದೇನೆ.

ನಾಂಪಲ್ಲಿಯ ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಬಿಸಿಲಿನ ಬಗ್ಗೆ ಸಭೆಯಲ್ಲಿ ಇದ್ದಿರಿ, ಬಾಗಿಲು ಮುಚ್ಚಿ, ಏಸಿ ಹಾಕಿಕೊಂಡು. ಮೇಜಿನ ಹಿಂದಿದ್ದವರು ಮೊಬೈಲಿನಲ್ಲಿ ಫಲಕದ ಫೋಟೋ ದೊಡ್ಡದು ಮಾಡಿ ತೋರಿಸಿದರು. "ನೀಚೇ ಲಿಖಾ ಹೈ ನಾ, ಪೀನಾ ಬೋಲ್ಕೆ!" ಕುಡಿಯಬೇಕೆಂದು ಕೆಳಗೆ ಬರೆದಿದೆಯಂತೆ.

"ನನಗ ಆ ಅಕ್ಷರ ಓದಾಕ ಬರಂಗಿಲ್ರಿ ಸಾಹೇಬ್ರ," ಅಂದೆ, ಹಿಂದಿಯಲ್ಲಿ ಹೇಳುವುದು ಗಾಬರಿಯಲ್ಲಿ ಮರೆತು.

ಅವರಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. "ಓದಲು ಬಾರದವರಿಗೆಂದೇ ಚಿತ್ರ ಹಾಕಿಸಿದ್ದೇವೆ" ಅಂದರು, ಹಿಂದಿಯಲ್ಲಿ, ಬಹಳ ಹೆಮ್ಮೆಯಿಂದ.

ಹೌದು ಮಾನ್ಯರೇ. ನಾನು ಚಿತ್ರವನ್ನೇ ಓದಿದೆ, ಹನಿಯನ್ನೂ ಬಿಡದೆ ಓದಿದೆ. ನಿಮ್ಮ ಯೋಜನೆ ನನ್ನ ಮಟ್ಟಿಗೆ ಪೂರ್ತಿ ಜಾರಿಯಾಗಿದೆ ಎಂದು ನಿಮ್ಮ ವರದಿಯಲ್ಲಿ ಸೇರಿಸಿಕೊಳ್ಳಿ. ಜಗತ್ತಿನಲ್ಲಿ ಸರ್ಕಾರದ ಮಾತನ್ನು ಮೈಗೆ ಹಚ್ಚಿಕೊಂಡವರು ಇಬ್ಬರೇ ಇದ್ದರೆ, ಅದು ನಾನು ಮತ್ತು ದ್ಯಾವಪ್ಪ.

ನಾನು ಪರಿಹಾರ ಕೇಳುತ್ತಿಲ್ಲ. ಕೇಳುವುದು ಇಷ್ಟು: ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು, ನೀವೇ ಆದರೆ ಇನ್ನೂ ಚೆಂದ, ಒಂದು ಮಧ್ಯಾಹ್ನ ಆ ಹಾಸ್ಟೆಲಿಗೆ ಬನ್ನಿ. ಹುಡುಗಿಯರ ಎದುರಿಗೆ ನಾನು ಈ ಕೈಗಳಿಂದಲೇ ರೊಟ್ಟಿ ಬಡಿಯುತ್ತೇನೆ. ಪುಂಡಿಪಲ್ಯ ಇರುತ್ತದೆ, ಶೇಂಗಾ ಹಿಂಡಿ ಇರುತ್ತದೆ. ಎಲ್ಲರೂ ನೋಡುವಂತೆ ಹರಿದುಕೊಂಡು ತಿನ್ನಿ. ಡಾಕ್ಟರಮ್ಮನ ಚೀಟಿ ಮಾಡದ ಕೆಲಸವನ್ನು ನಿಮ್ಮ ಬಾಯಿ ಮಾಡುತ್ತದೆ. ಕಾರಿನಲ್ಲಿ ಬಂದರೂ ಬೇಜಾರಿಲ್ಲ.

ಇನ್ನೊಂದು ಮಾತು. ಕಚೇರಿಯಲ್ಲಿ ಹೇಳಿ ಬಂದ ನನ್ನ ದೂರು ನಿಮಗೆ ಮುಟ್ಟಿದೆ ಎಂದು ಕಾಣುತ್ತದೆ, ನಿನ್ನೆ ಸೇತುವೆಯ ಕೆಳಗೆ ನಿಮ್ಮ ಪೇಂಟರ್ ಬಂದು ನಿಂಬೆಹಣ್ಣಿನ ಪಕ್ಕ ಒಂದು ಗ್ಲಾಸು ಬರೆದಿದ್ದಾರೆ. ಉಪಕಾರವಾಯಿತು. ಆದರೆ ಸವಾರ ಮೊದಲಿನ ಹಾಗೆಯೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾನೆ, ಗ್ಲಾಸು ಅವನ ಭುಜದ ಮೇಲೆ ಬಗ್ಗಿದಂತಿದೆ. ನಾನು ಸೈಕಲ್ ಇಳಿದು ಆ ಕಡೆಯಿಂದ, ಈ ಕಡೆಯಿಂದ, ಎದುರಿನಿಂದ ನೋಡಿದೆ. ನನಗಂತೂ ಸುರಿದುಕೊಳ್ಳುವ ಹಾಗೆ ಕಂಡಿತು. ಬಣ್ಣ ಹಸಿ ಇತ್ತು, ನನ್ನ ಪಕ್ಕದಲ್ಲಿ ಇನ್ನೂ ಇಬ್ಬರು ಸೈಕಲ್ಲಿನವರು ನಿಂತು ನೋಡುತ್ತಿದ್ದರು. ದಯವಿಟ್ಟು ಆ ಗ್ಲಾಸು ಬಾಯಿಗೆ ಮುಟ್ಟಿದೆಯೋ ಇಲ್ಲವೋ, ಒಂದು ಸಲ ಖುದ್ದಾಗಿ ಬಂದು ನೋಡಿ.

ಇಂತಿ,
ನಿಮ್ಮ ಚಿತ್ರವನ್ನು ತಪ್ಪದೆ ಪಾಲಿಸಿದ
ಕಾಶಿನಾಥ,
ರೊಟ್ಟಿ ಬಡಿಯುವವನು, ಸದ್ಯಕ್ಕೆ ಕೈಕಟ್ಟಿ ಕುಳಿತವನು,
ಮಲ್ಕಾಜ್‌ಗಿರಿ