ನೋಟೀಸಿನಿಂದ ಬಿದ್ದುಹೋದ ಮೂಳೆ

ಮಾನ್ಯ ಪುರಸಭೆ ಮುಖ್ಯಾಧಿಕಾರಿಗಳೇ,

ನಮ್ಮೂರಿನ ಮುಚ್ಚಿದ ಹಾಲಿನ ಡೈರಿಯನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕೊಡಲಾಗದೆಂದು ನೀವು ಬರೆದು ಕಳಿಸಿದ್ದೀರಿ. ಕಾರಣವಾಗಿ ಕೊಟ್ಟಿರುವುದು 'ಗ್ರಾಮಸ್ಥರ ತೀವ್ರ ವಿರೋಧ'. ಆ ತೀವ್ರತೆಯಲ್ಲಿ ಮುಕ್ಕಾಲು ಪಾಲು ನನ್ನ ಗಂಟಲಿನದು. ಅದನ್ನು ವಾಪಸ್ ಕೇಳಲು ಬರೆಯುತ್ತಿದ್ದೇನೆ. ಮಾನ ಕಳೆದುಕೊಂಡದ್ದು ಎಲ್ಲರೆದುರು, ಹಾಗಾಗಿ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಮ್ಮ ಫಿನ್ನಿಷ್ ಭಾಷೆ ಜಿಪುಣ ಭಾಷೆ. ಎಲುಬಿನೊಳಗಿನ ಮಜ್ಜೆಗೂ ಅಣುಸ್ಥಾವರದ ಅಣುವಿಗೂ 'ಯುದಿನ್' ಎಂಬ ಒಂದೇ ಮಾತು, ಅಣ್ಣನ ಕೋಟನ್ನೇ ತಮ್ಮನಿಗೂ ತೊಡಿಸಿದ ಹಾಗೆ. ಗೊಂದಲ ಬೇಡವೆಂದೇ ಮಜ್ಜೆಯ ಮುಂದೆ 'ಮೂಳೆ' ಎಂದು ಸೇರಿಸುತ್ತೇವೆ. ನಿಮ್ಮ ಕಚೇರಿಯ ನೋಟೀಸಿನಲ್ಲಿ ಆ ಮೂಳೆಯೇ ಇರಲಿಲ್ಲ. ಬರೀ 'ಯುದಿನ್ ಪ್ರಯೋಗಾಲಯ' ಎಂದು ಅಂಗಡಿ ಬಾಗಿಲಿಗೆ ಅಂಟಿಸಿದರೆ ಹಳ್ಳಿ ಶಾಲೆಯನ್ನು ಅರ್ಧಕ್ಕೇ ಬಿಟ್ಟ ನಾನು ಏನೆಂದು ಓದಬೇಕಿತ್ತು? ಚೆರ್ನೋಬಿಲ್ ಸಿಡಿದ ವರ್ಷ ಕಾಡಿನ ಅಣಬೆ ಮುಟ್ಟಲು ಹೆದರಿದ ಜನ ನಾವು. ನಾನು ಓದಿದ್ದನ್ನೇ ಊರೆಲ್ಲ ಓದಿತು.

ಶಾಲೆಯ ಸಭಾಂಗಣದಲ್ಲಿ ಸಭೆ ಸೇರಿದಾಗ ಕಾಫಿಗೆ ಬನ್ನು ಬೇಯಿಸಿ ತಂದವಳೂ ನಾನೇ. ಹಸು ಸಾಕುವ ನಮ್ಮ ಏಮೆಲಿ ಎದ್ದು ನಿಂತು, "ಬರ್ಲಿ ಬಿಡ್ರಯ್ಯ, ಕತ್ತಲಲ್ಲಿ ನನ್ನ ಹಸುಗಳು ಹೊಳೀತವೆ, ಕೊಟ್ಟಿಗೆಗೆ ದೀಪಾನೇ ಬೇಡ!" ಎಂದ. ಜನ ಬಿದ್ದು ಬಿದ್ದು ನಕ್ಕರು. ಸಂಶೋಧಕಿ ಸೈಮಿ ಬಾಯಿ ತೆರೆಯುವಷ್ಟರಲ್ಲಿ ನಾನು, "ನಿನ್ನ ವಿಷಾನ ನಿಮ್ಮಮ್ಮನ ಹಿತ್ತಲಲ್ಲಿ ಇಟ್ಕೊ ಹೋಗೇ ಹುಡುಗಿ" ಎಂದೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಮಾರ್ಕೆಟ್ಟಾ ಎದ್ದು, ಕೋಟನ್ನು ಕೈಯಲ್ಲೇ ಹಿಡಿದು, ಹೊರಗಿನ ಚಳಿಗೆ ನಡೆದಳು. ಅವಳ ಮಗಳು ಹೆಲ್ಕಾ ರಕ್ತದ ಕ್ಯಾನ್ಸರಿಗೆ ಆಸ್ಪತ್ರೆಯಲ್ಲಿದ್ದಾಳೆ. ಬೇಜಾರಾಗಿ ಹೋದಳೇನೋ ಅಂದುಕೊಂಡೆ. ಅಷ್ಟೇ ಅಂದುಕೊಂಡೆ.

ಮರುದಿನ ಅಂಗಡಿಯ ಹಾಲಿನ ಕಪಾಟಿನ ಹತ್ತಿರ ಮಾರ್ಕೆಟ್ಟಾ ಸಿಕ್ಕಳು.

"ಹಿಲ್ಯಾಜ್ಜಿ, ನೀವು ಅಲ್ಲಿ ಕೂಗಿದ್ದು ಯಾವುದಕ್ಕೆ ಗೊತ್ತಾ?"

"ಅಣು ಕಸಕ್ಕೆ ಕಣೇ."

"ಅಲ್ಲಜ್ಜಿ. ಮೂಳೆ ಯುದಿನ್ ಅದು. ಸೊಂಟದ ಆಪರೇಶನ್ ಆದಾಗ ತೆಗೆದು ಬಿಸಾಕ್ತಾರಲ್ಲ, ಆ ಮೂಳೆಯ ಜೀವಕೋಶದಿಂದ ಬಟಾಣಿಯಷ್ಟು ಮಜ್ಜೆ ಬೆಳೆಸ್ತಾರೆ. ಅದ್ರೊಳಗೆ ರೋಗದ ಕೋಶ ಬಿಟ್ಟು, ಅದು ಎಲ್ಲಿ ಅಡಗುತ್ತೆ, ಯಾವ ಔಷಧಿಗೆ ಸಾಯುತ್ತೆ ಅಂತ ನೋಡ್ತಾರೆ. ಮಕ್ಕಳ ಮೇಲೆ ನೋಡೋ ಬದಲು ಅದರ ಮೇಲೆ."

"ಹೆಲ್ಕಾಗೆ ಇದರಿಂದ…"

"ಹೆಲ್ಕಾಗೆ ಔಷಧಿ ಬರೋ ಹೊತ್ತಿಗೆ ತಡ ಆಗ್ಬಹುದು. ಆದ್ರೂ ಅವಳ ಕೋಶ ಕೊಡ್ತೀವಿ ಅಂತ ಸೈಮಿಗೆ ಹೇಳಿದ್ವಿ. ಇನ್ನೊಂದು ಮಗೂಗಾದ್ರೂ ಆಗ್ಲಿ ಅಂತ." ಆಮೇಲೆ ಮೆಲ್ಲಗೆ, "ನಿಮ್ಮ ಬನ್ನು ಚೆನ್ನಾಗಿತ್ತಜ್ಜಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಹೇಳಿ ಸ್ವಾಮಿ, ನಾನು ಓದಿಲ್ಲ, ಸರಿ. ನೀವು? ಚಪ್ಪಾಳೆ ನಿಂತ ಮೇಲೆ ಸೈಮಿ "ಮೂಳೆ…" ಎಂದು ಶುರು ಮಾಡಿದಾಗ "ಜನರ ಭಾವನೆ ಸ್ಪಷ್ಟವಾಗಿದೆ" ಎಂದು ಮೈಕು ಕಿತ್ತುಕೊಂಡವರು ತಾವೇ ಅಲ್ಲವೇ? ಅವಳ ಅರ್ಜಿಯನ್ನು ತಾವು ಮೊದಲೇ ಓದಿದ್ದಿರಿ. ನಮ್ಮ ತಪ್ಪು ಓದು ತಮಗೆ ಅಷ್ಟೊಂದು ಅನುಕೂಲವಾಯಿತೇ? ಡೈರಿಯಲ್ಲಿ ಪ್ರವಾಸಿಗರು ಹಿಮದ ಮೇಲೆ ಓಡಿಸುವ ಮಂಜುಬಂಡಿ ನಿಲ್ಲಿಸುವ ಆಸೆ ತಮಗಿದ್ದರೆ ಹಾಗೆಂದೇ ಹೇಳಬಹುದಿತ್ತು. ಒಂದು ಮುದುಕಿಯ ಬಾಯಿಯ ಹಿಂದೆ ಅವಿತುಕೊಳ್ಳುವುದು ಯಾವ ದೊಡ್ಡತನ? ನನ್ನ ಅಜ್ಞಾನ ನನ್ನದು, ಅದರ ನಾಚಿಕೆಯೂ ನನ್ನದೇ. ನೀವು ಅದನ್ನು ಸರ್ಕಾರಿ ಕಾರಣವನ್ನಾಗಿ ಮಾಡಿದಿರಿ ನೋಡಿ, ಅದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ.

ಆದ್ದರಿಂದ ನಿರ್ಧಾರ ಹಿಂತೆಗೆದುಕೊಳ್ಳಿ. ಸಭೆ ಮತ್ತೆ ಕರೆಯಿರಿ. ನೋಟೀಸಿನಲ್ಲಿ ಪೂರ್ತಿ ಮಾತು ಬರೆಯಿರಿ, ದೊಡ್ಡ ಅಕ್ಷರದಲ್ಲಿ. ಮೊದಲು ಸೈಮಿ ಮಾತಾಡಲಿ, ಯಾರೂ ಅಡ್ಡ ಬಾಯಿ ಹಾಕುವುದು ಬೇಡ. ಆಮೇಲೆ ಕೈ ಎತ್ತಿಸಿ. ಆಗಲೂ ಬೇಡವೆಂದರೆ, ತಿಳಿದು ಬೇಡವೆಂದದ್ದಾಗುತ್ತದೆ. ಮಾರ್ಕೆಟ್ಟಾಳ ಮುಖ ನೋಡಿಕೊಂಡೇ ಬೇಡವೆನ್ನಬೇಕಾಗುತ್ತದೆ. ಚಳಿಗಾಲ ಕಳೆದ ಮೇಲೆ ನನ್ನ ಎಡ ಸೊಂಟದ ಆಪರೇಶನ್ ಇದೆ. ತೆಗೆದ ಮೂಳೆ ತನಗೆ ಬೇಕೆಂದಿದ್ದಾಳೆ ಸೈಮಿ, ನಾನು ಅಷ್ಟೆಲ್ಲ ಬೈದ ಮೇಲೂ. ಅದನ್ನು ಇಡಲು ಅವಳಿಗೊಂದು ಜಾಗ ಕೊಡಿ.

ಇಂತಿ,
ಬಾಯಿ ಉದ್ದ, ಓದು ಗಿಡ್ಡ ಇರುವ ನಿಮ್ಮೂರಿನ ಮುದುಕಿ
ಹಿಲ್ಯಾ ಪೊಲ್ಲಾನೆನ್